ದೊಡ್ಡಮ್ಮ ಉಣ್ಣದ ಹೋಟೆಲುಗಳು

ಶ್ರೀಲಂಕಾದಿಂದ ಬಂದು ಮೂರು ತಿಂಗಳಾದರೂ ಹೊನ್ನಾಳಿಯ ಜನ ನನ್ನನ್ನು ಬಿಟ್ಟಿಲ್ಲ. ಊಟಕ್ಕೆ ಕೂತವರೆಲ್ಲ ಕೇಳುವುದು ಅದನ್ನೇ. ಅಶೋಕವನ ನೋಡಿದಿರಾ? ರಾವಣನ ಗುಹೆ ಹೆಂಗೈತೆ? ನಾನು ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವವನು. ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತವನಿಗೆ ಬೇರೆಯವರ ಅಡುಗೆಮನೆ ಕಂಡರೆ ಕಾಲು ತಾನಾಗಿ ಅತ್ತ ಎಳೆಯುತ್ತದೆ. ಆ ಏಳು ದಿನ ನಾನು ಕಣ್ಣು ತುಂಬ ನೋಡಿದ್ದು ರಸ್ತೆ ಬದಿಯ ಹೋಟೆಲುಗಳನ್ನು. ಅವುಗಳಲ್ಲೂ ಚೆನ್ನಾಗಿ ನೆನಪಿರುವವು ನಮ್ಮ ದೊಡ್ಡಮ್ಮ ಒಂದು ತುತ್ತೂ ಮುಟ್ಟದೆ ಎದ್ದು ಬಂದ ಹೋಟೆಲುಗಳು.

ದೊಡ್ಡಮ್ಮ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ನ್ಯಾಮತಿಯಲ್ಲಿರುತ್ತಾಳೆ, ವಯಸ್ಸು ಎಪ್ಪತ್ತೆರಡು. ಭಜನಾ ಮಂಡಳಿಯ ಹೆಂಗಸರೆಲ್ಲ ಎಲ್ಲಿಗೋ ಹೊರಡುತ್ತಾರೆಂದು ಐದು ವರ್ಷದ ಹಿಂದೆ ಪಾಸ್‌ಪೋರ್ಟ್ ಮಾಡಿಸಿದ್ದಳು. ಮಂಡಳಿ ಹೊರಡಲೇ ಇಲ್ಲ. ಪಾಸ್‌ಪೋರ್ಟ್ ಟ್ರಂಕಿನಲ್ಲಿ ಸೀರೆಗಳ ನಡುವೆ ಮಲಗಿತ್ತು.

"ಪುಸ್ತಕ ಖಾಲಿ ಐತೆ ಕಣೋ ಮಲ್ಲೇಶಿ. ಒಂದು ಸೀಲಾದ್ರೂ ಬೀಳಲಿ. ಎಲ್ಲಿಗಾದ್ರೂ ಸರಿ, ಹತ್ತಿರದಾಗೆ ಇರಲಿ."

ಹತ್ತಿರದ ಪರದೇಶ ಎಂದರೆ ಲಂಕೆ. ನನ್ನ ಹೆಂಡತಿ ಜಗಳೂರಿನವಳು, ಮಾತು ಸ್ವಲ್ಪ ಖಾರ. "ಹೋಗಿ ಬರ್ರಿ, ಖಾನಾವಳಿ ನಾನು ನೋಡ್ಕೊಂತೀನಿ. ನೀವಿಲ್ಲದಿದ್ರೆ ಗಿರಾಕಿ ಇಬ್ಬರು ಜಾಸ್ತೀನೇ ಬರ್ತಾರೆ" ಎಂದು ಕಳಿಸಿಕೊಟ್ಟಳು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಲಿಂಗಪೂಜೆ ಆಗದೆ ದೊಡ್ಡಮ್ಮನ ಬಾಯಿಗೆ ಏನೂ ಹೋಗುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯಲ್ಲಿ ಇಟ್ಟುಕೊಳ್ಳುತ್ತಾಳೆ. ನೀರು, ಹೂವು ಏರಿಸಿ ಇಪ್ಪತ್ತು ನಿಮಿಷ ಅದನ್ನೇ ದಿಟ್ಟಿಸುತ್ತಾಳೆ. ಮತ್ತೆ ಕರಡಿಗೆ ಕೊರಳಿಗೆ ಬಿದ್ದ ಮೇಲೆಯೇ ತಿಂಡಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಕೊರಳಿಗೆ ಬಂದ ಲಿಂಗ ಅದು.

ನನ್ನದು ಮನೆಯ ದೇವರ ಗೂಡಿನಲ್ಲಿತ್ತು. ಹನ್ನೆರಡು ವರ್ಷದ ಹಿಂದೆ ಒಂದು ದಿನ ಒಲೆಯ ಮುಂದೆ ಕರಡಿಗೆಯ ಶಿವದಾರ ಹರಿಯಿತು. ತೆಗೆದಿಟ್ಟೆ. ದೊಡ್ಡಮ್ಮ ಕೇಳಿದಾಗಲೆಲ್ಲ "ದಾರ ಕಟ್ಟಬೇಕು" ಎನ್ನುತ್ತಾ ಬಂದೆ. ಅವಳು ಯಾವತ್ತೂ ಬೈಯಲಿಲ್ಲ. ಕೇಳುವುದನ್ನೂ ಬಿಡಲಿಲ್ಲ.

ಗೋಡಂಬಿಯ ಊರು

ನಮ್ಮ ಡ್ರೈವರ್ ನಿಮಲ್ ಐವತ್ತರ ಆಸುಪಾಸಿನವರು, ನಿಧಾನಸ್ಥರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತರಗತಿಯಲ್ಲಿ ಫೇಲಾದವು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಕ್ಯಾಂಡಿಯ ದಾರಿಯಲ್ಲಿ ಒಂದು ಊರು ಬಂತು. ರಸ್ತೆಯುದ್ದಕ್ಕೂ ಚಪ್ಪರ, ಚಪ್ಪರದ ಕೆಳಗೆ ಗೋಡಂಬಿ ರಾಶಿ ಹಾಕಿಕೊಂಡ ಹೆಂಗಸರು. ದೊಡ್ಡಮ್ಮ ಇಳಿದವಳೇ ಕನ್ನಡದಲ್ಲಿ ಚೌಕಾಸಿಗೆ ನಿಂತಳು. ಆ ಹೆಂಗಸು ಸಿಂಹಳದಲ್ಲಿ ಉತ್ತರ ಕೊಟ್ಟಳು. ಇಬ್ಬರೂ ಗೆದ್ದಂತೆ ನಕ್ಕರು.

ಅಲ್ಲೇ ಮುಂದೆ ಊಟ. ಮಣ್ಣಿನ ಗಡಿಗೆಗಳ ಸಾಲು, ಪ್ರತಿಯೊಂದರಲ್ಲೂ ಒಂದು ಪಲ್ಯ. ಅನ್ನ ಬಡಿಸುವ ಮುಂಚೆ ತಟ್ಟೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿದರು. ಊಟವಾದ ಮೇಲೆ ಹಾಳೆ ಕಿತ್ತೆಸೆದರೆ ಆಯಿತು, ತಟ್ಟೆ ತೊಳೆಯುವ ಕೆಲಸವೇ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ದೊಡ್ಡಮ್ಮ ಮಾತ್ರ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ತಟ್ಟೆಗೂ ಮಳೆಕೋಟು ಹಾಕ್ಯಾರಲ್ಲೋ!"

ಆ ದೇಶದಲ್ಲಿ ನಮ್ಮಂಥವರಿಗೆ ಇರುವ ತಾಪತ್ರಯ ಒಂದೇ, ಒಣಮೀನಿನ ಪುಡಿ. ತೆಂಗಿನಕಾಯಿ ಚಟ್ನಿಯಲ್ಲೂ ಇರುತ್ತದೆ, ಬೇಳೆಯಲ್ಲೂ ಇದ್ದರೆ ಇರುತ್ತದೆ. ನಿಮಲ್ ಒಳಗೆ ಹೋಗಿ ವಿಚಾರಿಸಿ ಬರುತ್ತಿದ್ದರು. ಆದರೂ ಮೊದಲು ನಾನು ರುಚಿ ನೋಡಿ ಹೂಂ ಎಂದ ಮೇಲೆಯೇ ದೊಡ್ಡಮ್ಮ ಕೈ ಹಾಕುತ್ತಿದ್ದಳು. ಮೊದಲನೇ ದಿನ ಎರಡು ಬಟ್ಟಲು ವಾಪಸ್ ಹೋದವು. ಹಲಸಿನ ಎಳೆಕಾಯಿಯ ಪಲ್ಯ, ಬೇಳೆ, ಸೊಪ್ಪು ಉಳಿದವು. ಹೊಟ್ಟೆ ತುಂಬ ಉಂಡಳು. "ನಿನ್ನ ನಾಲಿಗೆ ಮ್ಯಾಲೆ ನನ್ನ ಪ್ರವಾಸ ನಿಂತೈತೆ" ಎಂದಳು.

ಹೊರಡುವಾಗ ಹೋಟೆಲಿನಾತ ಎಲೆ ಅಡಿಕೆ ಕೊಟ್ಟ. ದೊಡ್ಡಮ್ಮನ ತವರು ಚನ್ನಗಿರಿ. ಅಡಿಕೆ ಬೇಯುವ ಹಂಡೆಯ ಹೊಗೆ ಕುಡಿದು ಬೆಳೆದವಳು. ಚೂರು ಕಡಿದು ಮುಖ ಹುಳ್ಳಗೆ ಮಾಡಿಕೊಂಡಳು. "ಬೇಯಿಸೇ ಇಲ್ಲ ಇವರು. ಹಸೀದು ಹಂಗೇ ತಿಂತಾರೆ. ಚನ್ನಗಿರಿಗೆ ಕರ್ಕೊಂಡು ಹೋಗಿ ಒಂದು ವಾರ ಇಟ್ಕೋಬೇಕು ಇವರನ್ನ." ನಿಮಲ್ ಅರ್ಥ ಕೇಳಿದರು. ಅಡಿಕೆ ಚೆನ್ನಾಗಿದೆಯಂತೆ ಎಂದೆ.

ಕುಸುಮಾ ಅವರ ಒಲೆ

ಮೂರನೇ ದಿನ ಬೆಳಿಗ್ಗೆ ಬಂಡಾರವೆಲ ದಾಟಿ ಗುಡ್ಡದ ತಿರುವಿನಲ್ಲಿ ಒಂದು ಸಣ್ಣ ಹೋಟೆಲು. ತಗಡಿನ ಮಾಡು, ಮೂರು ಬೆಂಚು, ಹಿಂದೆ ಚಹಾ ತೋಟ. ನಡೆಸುವವರು ಕುಸುಮಾ ಎಂಬ ಹೆಂಗಸು, ಒಬ್ಬರೇ. ಉಳಿದುಕೊಂಡಿದ್ದ ಕೋಣೆಯಲ್ಲಿ ಬಿಸಿನೀರು ಕೈಕೊಟ್ಟಿದ್ದರಿಂದ ದೊಡ್ಡಮ್ಮನ ಸ್ನಾನ, ಪೂಜೆ ಎರಡೂ ಇಲ್ಲೇ ಆಗಬೇಕಾಯಿತು. ಕುಸುಮಾ ನೀರು ಕಾಯಿಸಿಕೊಟ್ಟು, ಒಳಕೋಣೆಯಲ್ಲಿ ಚಾಪೆ ಹಾಸಿ, ತಮ್ಮ ಬುದ್ಧನಿಗೆ ತಂದಿದ್ದ ಹೂವಿನಲ್ಲಿ ನಾಲ್ಕನ್ನು ತಂದಿಟ್ಟರು. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ದೊಡ್ಡಮ್ಮನ ಅಂಗೈಯನ್ನು ನೋಡಿ, ಸದ್ದಿಲ್ಲದೆ ಒಲೆಗೆ ಮರಳಿದರು.

ಪೂಜೆ ಮುಗಿಸಿ ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳುವಾಗ ಶಿವದಾರ ಪಟ್ ಎಂದು ಹರಿಯಿತು.

"ಮಲ್ಲೇಶಿ, ಒಂದು ಗಟ್ಟಿ ದಾರ ಕೇಳಿ ಕಟ್ಟಿ ಕೊಡು. ಕೊರಳಿಗೆ ಬಿದ್ದ ಮ್ಯಾಲೆ ತಿಂತೀನಿ" ಎಂದು ಕರಡಿಗೆಯನ್ನು ನನ್ನ ಕೈಗೆ ಕೊಟ್ಟು, ಗುಡ್ಡದ ದಾರಿಗೆಂದು ವಾಂತಿ ಗುಳಿಗೆಯನ್ನು ನೀರಿಲ್ಲದೆ ನುಂಗಿ ಕಾರಿನಲ್ಲಿ ಕೂತಳು.

ನಾನು ಅಡುಗೆಮನೆಗೆ ಹೋದೆ. ಕೈಸನ್ನೆ ಮಾಡಿ ದಾರ ಕೇಳಿದೆ. ಕುಸುಮಾ ಹೂಂ ಎಂದು ತಲೆ ಆಡಿಸಿ, ಒಲೆಯ ಮೇಲಿದ್ದ ಆಪ್ಪ ಆಗಲಿ ಎಂದು ಸನ್ನೆ ಮಾಡಿದರು. ಆಪ್ಪ ಎಂದರೆ ನಮ್ಮ ದೋಸೆಯ ದಾಯಾದಿ. ಅಕ್ಕಿ ಹಿಟ್ಟು, ತೆಂಗಿನ ಹಾಲು. ಸಣ್ಣ ಬಾಣಲೆಗೆ ಒಂದು ಸೌಟು ಹುಯ್ದು, ಬಾಣಲೆಯನ್ನೇ ಎತ್ತಿ ಒಂದು ಸುತ್ತು ತಿರುಗಿಸುತ್ತಾರೆ. ಅಂಚು ಹಪ್ಪಳದ ಹಾಗೆ ಗರಿಗರಿ, ನಡುವೆ ಇಡ್ಲಿಯ ಹಾಗೆ ಮೆತ್ತಗೆ. ಆ ಒಂದು ಸುತ್ತು ನೋಡಿ ನನಗೆ ತಡೆಯಲಾಗಲಿಲ್ಲ. ನಾನೊಂದು ಮಾಡುತ್ತೇನೆ ಎಂದೆ. ಅವರು ಸೌಟು ಕೊಟ್ಟರು.

ಹಿಟ್ಟು, ಎಣ್ಣೆ ಆಗುವ ಕೈ. ಆ ಕೈಯಲ್ಲಿ ಲಿಂಗ ಮುಟ್ಟುವುದುಂಟೇ? ಕರಡಿಗೆಯನ್ನು ಒಲೆಯ ಮೇಲಿನ ಹಲಗೆಯಲ್ಲಿ, ಬುದ್ಧನ ಪಟದ ಪಕ್ಕ ಇಟ್ಟೆ. ಇಟ್ಟದ್ದು ಭಕ್ತಿಯಿಂದಲೇ. ಮೊದಲನೇ ಆಪ್ಪ ಹರಿಯಿತು, ಎರಡನೆಯದು ಸೀದಿತು, ಮೂರನೆಯದು ದುಂಡಗೆ ಎದ್ದು ಬಂತು. ಕುಸುಮಾ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹೊರಗೆ ಹಾರ್ನ್. ಮೋಡ ಕಟ್ಟಿದೆ, ಮಳೆಗೆ ಮುಂಚೆ ಗುಡ್ಡ ಇಳಿಯಬೇಕು ಎಂದು ನಿಮಲ್ ಅವಸರ ಮಾಡುತ್ತಿದ್ದರು. ದೊಡ್ಡಮ್ಮನ ಪಾಲಿನ ಆಪ್ಪಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು, ಕೈ ತೊಳೆದು, ಗೆದ್ದವನ ಹಾಗೆ ಓಡಿ ಬಂದು ಕಾರು ಹತ್ತಿದೆ. ದೊಡ್ಡಮ್ಮ ಗುಳಿಗೆಯ ಮಂಪರಿಗೆ ಆಗಲೇ ನಿದ್ದೆ ಹೋಗಿದ್ದಳು.

ಮೆಕ್ಕೆಜೋಳದ ಅಂಗಡಿ

ಗುಡ್ಡ ಇಳಿದು ವೆಲ್ಲವಾಯ ದಾಟಿದರೆ ದೇಶವೇ ಬೇರೆ. ಬಯಲು, ಬಿಸಿಲು, ರಸ್ತೆಯ ಎರಡೂ ಕಡೆ ಮೆಕ್ಕೆಜೋಳ. ಜಗಳೂರಿನಿಂದ ಬಿಳಿಚೋಡಿಗೆ ಹೋಗುತ್ತಿದ್ದೇನೆ ಅನ್ನಿಸಿಬಿಟ್ಟಿತು. ಆದರೆ ನಮ್ಮ ಮಾವನ ಮನೆಯಲ್ಲಿ ಕಣದ ತುಂಬ ಮೆಕ್ಕೆಜೋಳ ಒಣಗಿಸಿ, ಕೋಳಿ ಆಹಾರಕ್ಕೆಂದು ಲಾರಿಗೆ ತುಂಬುತ್ತಾರೆ. ಮನೆಯವರು ತಿನ್ನುವುದು ಜೋಳದ ರೊಟ್ಟಿಯನ್ನೇ. ಇಲ್ಲಿ ರಸ್ತೆ ಬದಿಯಲ್ಲಿ ಹೆಂಗಸರು ಹಂಡೆಯಲ್ಲಿ ತೆನೆ ಬೇಯಿಸಿ, ಅದರ ಎಲೆಯಲ್ಲೇ ಸುತ್ತಿ, ಉಪ್ಪುನೀರು ಚಿಮುಕಿಸಿ ಕೊಡುತ್ತಾರೆ. ಕಾರುಗಳು ಸಾಲಾಗಿ ನಿಂತಿದ್ದವು.

ದೊಡ್ಡಮ್ಮ ಎಚ್ಚರವಾಗಿ ಇಳಿದಳು. ಬಿಸಿ ತೆನೆಯನ್ನು ಸೆರಗಿನಲ್ಲಿ ಹಿಡಿದು ಮೂಸಿದಳು.

"ಹಸಿವಾತು ನೋಡಪ್ಪಾ. ಎಲ್ಲಿ, ದಾರ ಸಿಕ್ತಾ? ಕೊಡು ಕರಡಿಗೆ."

ಅಂಗಿಯ ಜೇಬು ಮುಟ್ಟಿಕೊಂಡೆ. ಸುಳ್ಳು ಹೇಳಬಾರದಿತ್ತು, ಹೇಳಿದೆ. "ಬ್ಯಾಗಿನಾಗೈತೆ, ತಡಿ." ಡಿಕ್ಕಿ ತೆಗೆದು ಎರಡೂ ಬ್ಯಾಗು ಕೆದಕಿದೆ. ಕಣ್ಣ ಮುಂದೆ ಆ ಹಲಗೆ, ಬುದ್ಧನ ಪಟ, ಪಕ್ಕದಲ್ಲಿ ಬೆಳ್ಳಿಯ ಹೊಳಪು. ಬ್ಯಾಗಿನಲ್ಲಿ ಎಷ್ಟು ಹುಡುಕಿದರೂ ಅದು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ತಿರುಗಿ ನೋಡಿದರೆ ದೊಡ್ಡಮ್ಮ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

"ಅಲ್ಲೇ ಬಿಟ್ಟು ಬಂದ್ಯಾ?"

"ಹೂಂ, ದೊಡ್ಡಮ್ಮ. ನನ್ನದೇ ತಪ್ಪು."

"ನಿನ್ನದೇ" ಎಂದಳು. ಕೈಯಲ್ಲಿದ್ದ ತೆನೆಯನ್ನು ನಿಮಲ್‌ಗೆ ಕೊಟ್ಟಳು. ಆಪ್ಪದ ಪೊಟ್ಟಣವನ್ನೂ ಅವರಿಗೇ ಕೊಟ್ಟಳು. ಕಾರಿನಲ್ಲಿ ಹೋಗಿ ಕೂತು, ಬರಿದಾದ ಎದೆಯ ಮೇಲೆ ಕೈ ಇಟ್ಟುಕೊಂಡಳು.

ಕಾರು ತಿರುಗಿಸಿದೆವು. ಗುಡ್ಡದ ಬುಡದಲ್ಲಿ ಪೊಲೀಸರು ಅಡ್ಡ ಕಂಬ ಹಾಕಿದ್ದರು. ನಮ್ಮ ಹಿಂದೆಯೇ ಮಳೆ ಹೊಡೆದು ಬಂಡೆ ಉರುಳಿ ರಸ್ತೆ ಬಂದ್. ಸುತ್ತು ದಾರಿಯಲ್ಲೂ ಮಣ್ಣು ಕುಸಿದಿದೆ, ಯಾವಾಗ ತೆರೆಯುತ್ತದೋ ಹೇಳಲಾಗದು ಎಂದರು.

ವೆಲ್ಲವಾಯ

ಅಲ್ಲೇ ಒಂದು ವಸತಿಗೃಹ ಹಿಡಿದೆವು. ನಿಮಲ್ ನಾಲ್ಕಾರು ಫೋನ್ ಮಾಡಿದರು. ಬಂಡಾರವೆಲದಲ್ಲಿ ಅವರ ಪರಿಚಯದ ಆಟೋದವರೊಬ್ಬರು ಮಳೆಯಲ್ಲೇ ಹೋಗಿ, ಸಂಜೆಗೆ ಕುಸುಮಾ ಅವರಿಂದ ಫೋನಿನಲ್ಲಿ ಮಾತಾಡಿಸಿದರು. ಕರಡಿಗೆ ಇದೆ, ಜೋಪಾನವಾಗಿದೆ.

"ರಸ್ತೆ ತೆರೆದ ಕೂಡಲೇ ಮೊದಲನೇ ಬಸ್ಸಿಗೆ ಕೊಟ್ಟು ಕಳಿಸಲಿ, ನಾವು ಇಲ್ಲೇ ಇಳಿಸಿಕೊಳ್ಳುತ್ತೇವೆ" ಎಂದೆ. ನಮ್ಮಲ್ಲಿ ಅದು ದೊಡ್ಡ ಮಾತಲ್ಲ. ಹೊನ್ನಾಳಿಯಲ್ಲಿ ಓದುವ ಮಕ್ಕಳಿಗೆ ಹಳ್ಳಿಯ ತಾಯಂದಿರು ರೊಟ್ಟಿ ಬುತ್ತಿಯನ್ನು ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಾರೆ. ಎಷ್ಟೋ ಬುತ್ತಿ ನನ್ನ ಖಾನಾವಳಿಯಲ್ಲೇ ಇಳಿಯುತ್ತವೆ.

ನಿಮಲ್ ಫೋನಿನಲ್ಲಿ ಕೇಳಿ ತಲೆ ಅಲ್ಲಾಡಿಸಿದರು. "ಆಕೆ ಕೊಡುವುದಿಲ್ಲವಂತೆ. ಅಮ್ಮ ಅದನ್ನು ಹೇಗೆ ನೋಡುತ್ತಿದ್ದರೆಂದು ನಾನು ಕಂಡಿದ್ದೇನೆ, ಅಂಥ ವಸ್ತುವನ್ನು ಬಸ್ಸಿನಲ್ಲಿ ಹಾಕಲಾರೆ, ಅಮ್ಮನೇ ಬರಲಿ ಅನ್ನುತ್ತಾರೆ."

ನನಗೆ ರೇಗಿತು. ದೊಡ್ಡಮ್ಮನಿಗೆ ಹೇಳಿದರೆ, ಆ ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು.

"ಆಕೆಗೆ ತಿಳೀತೈತೆ ಬಿಡು. ನಿನಗೆ ತಿಳೀಲಿಲ್ಲ."

"ಸಿಕ್ಕೈತಲ್ಲ ದೊಡ್ಡಮ್ಮ. ಇನ್ನೇನು? ಒಂದು ಲೋಟ ಮಜ್ಜಿಗೆ ಕುಡಿ."

"ನಿನ್ನ ಮಗಳು ಕಂಡೋರ ಊರಾಗೆ ಒಬ್ಬಳೇ ಉಳಿದಿದ್ರೆ, ಜೋಪಾನವಾಗಿದ್ದಾಳೆ ಅಂತ ನೀ ಕೂತು ಉಣ್ತೀಯೇನು?"

ಬಿ.ಪಿ. ಗುಳಿಗೆಗೆಂದು ನೀರು ಕುಡಿಯಲು ಒಪ್ಪಿಸಿದೆ. ಅದೇ ದೊಡ್ಡದು. ನಾನೂ ಉಣ್ಣುವುದಿಲ್ಲ ಎಂದಾಗ ಮಾತ್ರ ಗದರಿದಳು. "ಊರಿಗೆಲ್ಲ ಅನ್ನ ಹಾಕೋನು ಉಪವಾಸ ಕುಂತ್ರೆ ನೋಡಾಕೆ ಆಗಲ್ಲ ನನಗೆ. ನಡಿ." ನನ್ನನ್ನು ಎದುರಿನ ಹೋಟೆಲಿಗೆ ಎಳೆದುಕೊಂಡು ಹೋಗಿ, ಎದುರು ಕುರ್ಚಿಯಲ್ಲಿ ಕೂತಳು.

ಅಲ್ಲಿ ಒತ್ತು ಶಾವಿಗೆಯಂಥದ್ದು ಕೊಟ್ಟರು. ನಮ್ಮ ಶಾವಿಗೆಗಿಂತ ಸಣ್ಣ ಎಳೆ, ಅಂಗೈಯಗಲದ ಬಿಲ್ಲೆಗಳು, ಮೇಲೆ ಹಳದಿ ಬಣ್ಣದ ತೆಂಗಿನ ಹಾಲಿನ ಸಾರು. ತಲೆ ತಗ್ಗಿಸಿ ತಿಂದೆ.

"ಹೆಂಗೈತೆ?"

"ಪರವಾಗಿಲ್ಲ. ಸಪ್ಪಗೈತೆ."

"ಸಪ್ಪಗೈತೆ ಅನ್ನೋನು ಮೂರನೇ ಸಲ ಹಾಕಿಸ್ಕೊಂತಾನಾ? ಸರಿಯಾಗಿ ಹೇಳು. ಉಪವಾಸ ನನ್ನ ಹೊಟ್ಟೆಗೆ, ಕಿವಿಗಲ್ಲ."

ಹೇಳಿದೆ. ಸಾರಿನಲ್ಲಿ ಮೆಂತ್ಯ ಬಿದ್ದಿದೆ, ಕರಿಬೇವಿನ ಜೊತೆ ಇನ್ನೇನೋ ಎಲೆ ಇದೆ, ಎಳೆ ಬಾಯಲ್ಲಿ ಕರಗುವ ಮುಂಚೆ ಒಂದು ಚೂರು ಸಿಹಿ ಬಿಡುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಇಷ್ಟು ವರ್ಷದಲ್ಲಿ ಯಾರಿಗೂ ನಾನು ಒಂದು ಊಟವನ್ನು ಹೀಗೆ ಬಿಡಿಸಿ ಹೇಳಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಬಾಡಿದ ಮುಖ ಕಂಡೆ. ಅವಳಿಗೇನಾದರೂ ಆದರೆ? ಕಾರಣ ನಾನೇ, ನನ್ನ ಆಪ್ಪದ ಚಪಲವೇ. ಅದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಮರುದಿನವೂ ಬೆಳಿಗ್ಗೆ ಕಂಬ ಎತ್ತಿರಲಿಲ್ಲ. ದೊಡ್ಡಮ್ಮ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಅಭ್ಯಾಸಬಲದಿಂದ ಎಡಗೈ ಚಾಚಿ ಕೂತಳು. ಖಾಲಿ ಅಂಗೈಯನ್ನು ನೋಡುತ್ತಾ ಇಪ್ಪತ್ತು ನಿಮಿಷ ಹಾಗೇ ಇದ್ದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಆಮೇಲೆ ಎಮ್ಮೆ ಮೊಸರಿನ ಅಂಗಡಿ. ಮಣ್ಣಿನ ಕುಡಿಕೆಗಳನ್ನು ಹಗ್ಗದಲ್ಲಿ ತೂಗುಹಾಕಿದ್ದರು. ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಮೊಸರು, ಮೇಲೆ ತಾಳೆಯ ಜಾತಿಯ ಬೈನೆ ಮರದ ಕರಿಬೆಲ್ಲದ ಪಾಕ. ಅದನ್ನೂ ಹೇಳಿಸಿಕೊಂಡಳು. "ಪಾಕ ಹೊಗೆ ವಾಸನೆ ಹೊಡೀತೈತೇನು?" "ಹೊಡೀತೈತೆ, ಆದ್ರೆ ಚಂದಾಗೈತೆ." "ಹೊಡೀಬೇಕು" ಎಂದು ಒಪ್ಪಿಗೆ ಕೊಟ್ಟಳು. ಎದ್ದು ಮೆಟ್ಟಿಲು ಇಳಿಯುವಾಗ ಕಾಲು ತಪ್ಪಿತು. ನಿಮಲ್ ಹಿಡಿದುಕೊಂಡರು. ಅವಳ ಕೈ ನಡುಗುತ್ತಿತ್ತು. ನಾನು ಮತ್ತೆ ಮಜ್ಜಿಗೆಯ ಮಾತೆತ್ತಲಿಲ್ಲ. ಸೀದಾ ಪೊಲೀಸರ ಬಳಿ ಹೋಗಿ, ನನ್ನ ಫೇಲಾದ ಇಂಗ್ಲಿಷಿನಲ್ಲೇ ಕಾಡತೊಡಗಿದೆ.

ಮತ್ತೆ ಗುಡ್ಡಕ್ಕೆ

ಮಧ್ಯಾಹ್ನ ಹನ್ನೆರಡರ ಮೇಲೆ ಸಣ್ಣ ಗಾಡಿಗಳನ್ನು ಒಂದೊಂದಾಗಿ ಬಿಟ್ಟರು. ಪೊಲೀಸರು ನಮ್ಮ ಕಾರನ್ನು ಸಾಲಿನ ಮುಂದಕ್ಕೆ ಕರೆದರು, ನನ್ನ ಕಾಟ ತಾಳಲಾರದೆ ಇರಬೇಕು. ಅರ್ಧ ಒಡೆದ ಬಂಡೆಯ ಪಕ್ಕದಲ್ಲಿ ತೆವಳಿಕೊಂಡು ಹತ್ತಿದೆವು. ಕುಸುಮಾ ಹೋಟೆಲಿನ ಮುಂದೆಯೇ ನಿಂತಿದ್ದರು.

ಕರಡಿಗೆಯನ್ನು ಅವರು ಕೈಯಲ್ಲಿ ಕೊಡಲಿಲ್ಲ. ವೀಳ್ಯದೆಲೆ ಹಾಸಿದ ತಟ್ಟೆಯಲ್ಲಿಟ್ಟು, ಬಾಗಿ ದೊಡ್ಡಮ್ಮನ ಮುಂದೆ ಹಿಡಿದರು. ಅದಕ್ಕೊಂದು ಹೊಸ ಬಿಳಿ ದಾರ ಇತ್ತು. ಮೂರೆಳೆ ಹೊಸೆದದ್ದು, ಸಾಕಷ್ಟು ಉದ್ದ. ಕುಸುಮಾ ಏನೋ ಹೇಳಿದರು, ನಿಮಲ್ ನನಗೆ ತಿಳಿಸಿದರು. "ಇದು ಭಿಕ್ಷುಗಳು ಇಡೀ ರಾತ್ರಿ ಪಠಣ ಮಾಡಿ ಮನೆಗೆ ಕೊಡುವ ನೂಲು. ಕೈಗೆ ಕಟ್ಟಿಕೊಂಡು ಉಳಿದದ್ದು ಇತ್ತಂತೆ. ನೀವು ದಾರ ಕೇಳಲು ಬಂದಿದ್ದಿರಿ, ತೆಗೆದುಕೊಳ್ಳದೆ ಹೋದಿರಿ. ಅದಕ್ಕೆ ಪೋಣಿಸಿಟ್ಟೆ ಅನ್ನುತ್ತಾರೆ. ಅಳತೆ ಗೊತ್ತಿಲ್ಲದೆ ಉದ್ದ ಮಾಡಿದೆ, ತಪ್ಪಾಗಿದ್ದರೆ ತೆಗೆದುಬಿಡಿ ಅನ್ನುತ್ತಾರೆ."

ದೊಡ್ಡಮ್ಮ ಶಿವದಾರವನ್ನು ಮಠದ ಅಯ್ಯನವರ ಕೈಯಿಂದಲೇ ಪಡೆಯುವವಳು. ಬುದ್ಧನ ಹೆಸರಿನ ನೂಲು ಎಂದು ಹೇಳಲೋ ಬೇಡವೋ? ಹಿಂದಿನ ದಿನದ ಸುಳ್ಳು ನೆನಪಾಗಿ, ಇದ್ದದ್ದು ಇದ್ದ ಹಾಗೆ ಹೇಳಿದೆ.

ದೊಡ್ಡಮ್ಮ ಎರಡು ಬೆರಳಲ್ಲಿ ದಾರ ಹಿಡಿದು ಹೊಸೆದು ನೋಡಿದಳು. "ಹೊಸೆದೋರು ಯಾರು?"

"ಅವರೇ."

"ಗಟ್ಟಿ ಐತೆ" ಎಂದಳು.

ಮತ್ತೆ ಅದೇ ಚಾಪೆ, ನಾಲ್ಕು ಹೂವು. ಅಂಗೈಯಲ್ಲಿ ಲಿಂಗ ಕೂತಾಗ ಅವಳ ಕೈಯ ನಡುಕ ನಿಂತಿತು. ನಾನು ಕಣ್ಣಾರೆ ಕಂಡದ್ದು. ಆ ಇಪ್ಪತ್ತು ನಿಮಿಷ ಕುಸುಮಾ ಒಲೆಯ ಬಳಿ ಪಾತ್ರೆಯ ಸದ್ದು ಮಾಡಲಿಲ್ಲ. ನಾನೂ ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಹೊಸಿಲ ಬಳಿ ಕೂತು ಅತ್ತುಬಿಟ್ಟೆ.

ಆಮೇಲೆ ದೊಡ್ಡಮ್ಮ ಬೆಂಚಿನ ಮೇಲೆ ಕೂತು ಆಪ್ಪ ತಿಂದಳು. ಕುಸುಮಾ ಒಂದೊಂದನ್ನೇ ಬಿಸಿಬಿಸಿಯಾಗಿ ತಂದು ಹಾಕಿದರು. ಮೀನಿನ ಪುಡಿ ಇಲ್ಲದ ಚಟ್ನಿಯನ್ನು ಬೆಳಿಗ್ಗೆಯೇ ಬೇರೆ ಅರೆದಿಟ್ಟಿದ್ದರು. ದೊಡ್ಡಮ್ಮ ನಾಲ್ಕು ಮುಗಿಸಿದಳು. ಈಗ ಕೇಳುವ ಸರದಿ ನನ್ನದು.

"ಹೆಂಗೈತೆ?"

"ನೀ ನಿನ್ನೆಯಿಂದ ಬಣ್ಣಿಸಿದ್ದಕ್ಕೆ ಹೋಲಿಸಿದ್ರೆ ಪರವಾಗಿಲ್ಲ" ಎಂದು ಐದನೆಯದಕ್ಕೆ ತಟ್ಟೆ ಚಾಚಿದಳು. ತಿಂದು, ಪ್ರಸಾದ ಚೆಲ್ಲಬಾರದೆಂದು ತಟ್ಟೆಗೆ ಒಂದು ಗುಟುಕು ನೀರು ಹಾಕಿ ತೊಳೆದು ಕುಡಿದಳು. ಕುಸುಮಾ ಅವರ ತಟ್ಟೆಗೆ ಮಳೆಕೋಟು ಇರಲಿಲ್ಲ.

ಹೊರಡುವ ಮುಂಚೆ ನಿಮಲ್ ಹತ್ತಿರ ಚಾಕು ಕೇಳಿದಳು. ದಾರ ತೊಡೆಯವರೆಗೆ ಇಳಿದಿತ್ತು. ಎದೆಯ ಅಳತೆಗೆ ಗಂಟು ಹಾಕಿಸಿಕೊಂಡು, ಮಿಕ್ಕದ್ದನ್ನು ಕತ್ತರಿಸಿದಳು. ಇನ್ನೊಂದು ಕೊರಳಿಗೆ ಆಗುವಷ್ಟು ಉಳಿಯಿತು. ಅದನ್ನು ಬೆರಳಿಗೆ ಸುತ್ತಿ, ಸುರುಳಿ ಮಾಡಿ, ನನ್ನ ಅಂಗಿಯ ಜೇಬಿಗೆ ತಾನೇ ಹಾಕಿ ಮೇಲೆ ತಟ್ಟಿದಳು.

"ಇದನ್ನಾದ್ರೂ ಬಿಟ್ಟು ಬರಬ್ಯಾಡ."

ಹೊನ್ನಾಳಿ

ಊರಿಗೆ ಬಂದ ದೊಡ್ಡಮ್ಮ ನ್ಯಾಮತಿಯಲ್ಲಿ ಮನೆಮನೆಗೆ ಪಾಸ್‌ಪೋರ್ಟಿನ ಸೀಲು ತೋರಿಸಿ ಬಂದಳು. ಸೂರಗೊಂಡನಕೊಪ್ಪದ ದೇವಸ್ಥಾನಕ್ಕೆ ನಡೆದು ಹೋಗುವವರು ಅವಳ ಜಗುಲಿಯಲ್ಲಿ ನೀರಿಗೆ ನಿಂತರೆ ಅವರಿಗೂ ತೋರಿಸುತ್ತಾಳೆ. ಅವಳ ಕೊರಳಲ್ಲಿ ಇನ್ನೂ ಅದೇ ಬಿಳಿ ದಾರ. ಅಯ್ಯನವರು ಹೊಸದು ತಂದುಕೊಟ್ಟರೆ, ಇದು ಹರಿದ ಮೇಲೆ ನೋಡಾಣ ಅಂದಳಂತೆ. ಆಪ್ಪ ನನ್ನ ಖಾನಾವಳಿಯಲ್ಲಿ ನಡೆಯಲಿಲ್ಲ. ಗಿರಾಕಿಗಳು ಅದನ್ನು ಸುಟ್ಟ ದೋಸೆ ಅಂದರು.

ಒಂದು ಬದಲಾವಣೆಯನ್ನಂತೂ ಗಿರಾಕಿಗಳು ಗಮನಿಸಿದ್ದಾರೆ. ನಮ್ಮಲ್ಲಿ ಈಗ ಬೆಳಗಿನ ತಿಂಡಿ ಇಪ್ಪತ್ತು ನಿಮಿಷ ತಡ. ಭಕ್ತಿಯೋ, ದೊಡ್ಡಮ್ಮನ ಹೆದರಿಕೆಯೋ, ನನಗೇ ಸರಿಯಾಗಿ ಗೊತ್ತಿಲ್ಲ. ಯಾಕ್ರೀ ಇಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ, ಕೊರಳಿನ ಬಿಳಿ ದಾರ ಕಾಣದ ಹಾಗೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ರಾವಣನ ಗುಹೆಯ ಕಥೆ ಶುರು ಮಾಡುತ್ತೇನೆ.